ಆಡಿದವರು ಕಲಿಸುವಂತಾಗಲಿ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದ ಪ್ರಥಮಾಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂಬ ಕಲಹವನ್ನು ಹೊತ್ತು ಅರಸನ ಸನ್ನಿಧಿಗೆ ಬರುತ್ತಾರೆ. ಅರಸನು ತೀರ್ಪನ್ನು ತಾನು ಹೇಳದೆ ಕೌಶಿಕಿಯೆಂಬ ಪರಿವ್ರಾಜಿಕೆಗೆ ಒಪ್ಪಿಸುತ್ತಾನೆ. ಕಲೆಯಲ್ಲಿ ಸ್ವತಃ ಕುಶಲನಾಗಿರುವುದು ಬೇರೆ, ಆ ಕುಶಲತೆಯನ್ನು ಶಿಷ್ಯರಲ್ಲಿ ನೆಲೆಗೊಳಿಸುವುದು ಬೇರೆ ಎಂಬ ಭೇದವನ್ನು ಆಕೆ ಎತ್ತಿ ತೋರಿಸಿ, ಆಚಾರ್ಯರ ಪರೀಕ್ಷೆಯು ಶಿಷ್ಯೆಯರ ಪ್ರಯೋಗದಿಂದಲೇ ನಡೆಯತಕ್ಕದ್ದೆಂದು ನಿರ್ಣಯಿಸುತ್ತಾಳೆ. ಈ ನಾಟಕವನ್ನು ತಲೆಮಾರುಗಳಿಂದ ಪಾಠ ಹೇಳುತ್ತ ಬಂದ ಪಂಡಿತವರ್ಗವು ಮಾಲವಿಕೆಯ ನರ್ತನವನ್ನು ಮೆಚ್ಚಿದೆ, ಅಗ್ನಿಮಿತ್ರನ ಶೃಂಗಾರಕ್ಕೆ ಟೀಕೆ ಬರೆದಿದೆ. ಗುರುಗಳ ಗುರುತ್ವವನ್ನು ಅಳೆಯುವ ಅಧಿಕಾರವನ್ನು ಕವಿಯು ಒಬ್ಬ ಸ್ತ್ರೀಗೆ ಕೊಟ್ಟನೆಂಬುದನ್ನು ಮಾತ್ರ ಅಷ್ಟಾಗಿ ಗಮನಿಸಿದಂತಿಲ್ಲ.

ಆಟದ ಬಯಲಿಗೂ ನಾಟ್ಯಶಾಲೆಗೂ ಈ ವಿಷಯದಲ್ಲಿ ಹೆಚ್ಚು ಅಂತರವಿಲ್ಲ. ಆಡಿದವರೆಲ್ಲ ಕಲಿಸಬಲ್ಲವರಲ್ಲ, ಕಲಿಸಬಲ್ಲವರಿಗೆಲ್ಲ ಕಲಿಸುವ ಅವಕಾಶ ದೊರೆಯುವುದೂ ಇಲ್ಲ. ಹೆಣ್ಣುಮಕ್ಕಳ ಪಾಲಿಗಂತೂ ಎರಡನೆಯ ಕೊರತೆಯೇ ಹಿರಿದಾಗಿ ನಿಂತಿದೆ. ನಮ್ಮ ನಾಡಿನಲ್ಲಿ ಚೆನ್ನಾಗಿ ಆಡಿದ ಹುಡುಗಿಯ ಹೆಸರು ವರ್ಷವೊಪ್ಪತ್ತು ಪತ್ರಿಕೆಯಲ್ಲಿ ಬರುತ್ತದೆ, ಶಾಲೆಯ ಗಾಜಿನ ಕಪಾಟಿನಲ್ಲಿ ಆಕೆ ಗೆದ್ದ ಬಟ್ಟಲು ಕುಳಿತುಕೊಳ್ಳುತ್ತದೆ, ಆಕೆಯ ಮದುವೆಯಾಗುತ್ತದೆ. ಆಕೆಯ ಕಾಲಿಗೂ ಕಣ್ಣಿಗೂ ಹತ್ತು ವರ್ಷ ಬಯಲಿನಲ್ಲಿ ದಕ್ಕಿದ ವಿದ್ಯೆ ಏನಾಯಿತೆಂದು ಯಾರೂ ಕೇಳುವುದಿಲ್ಲ.

ಇದಕ್ಕೆ ಅಪವಾದವಾಗಿ ಬಾಳಿದವರಲ್ಲಿ ದಾವಣಗೆರೆಯಲ್ಲಿ 1970ರಲ್ಲಿ ಜನಿಸಿದ ಮಮತಾ ಮಾಬೆನ್ ಅವರ ಹೆಸರನ್ನು ಮೊದಲು ಹೇಳಬೇಕು. 1993ರಿಂದ 2004ರವರೆಗೆ ಭಾರತದ ಪರವಾಗಿ ಅವರು ಕ್ರಿಕೆಟ್ ಆಡಿದರು. ನಾಲ್ಕು ಟೆಸ್ಟ್ ಪಂದ್ಯಗಳಲ್ಲಿಯೂ ನಲವತ್ತು ಏಕದಿನ ಪಂದ್ಯಗಳಲ್ಲಿಯೂ ಕಣಕ್ಕಿಳಿದರು. ತಂಡದ ನಾಯಕಿಯೂ ಆದರು. 2004ರ ಏಪ್ರಿಲ್ ತಿಂಗಳಲ್ಲಿ ಶ್ರೀಲಂಕೆಯ ಕ್ಯಾಂಡಿಯಲ್ಲಿ ಆ ದೇಶದ ತಂಡದ ಆರು ವಿಕೆಟ್ಟುಗಳನ್ನು ಕೇವಲ 10 ರನ್ನುಗಳನ್ನಿತ್ತು ಉರುಳಿಸಿದರು. ಏಕದಿನ ಪಂದ್ಯಗಳಲ್ಲಿ ಭಾರತದ ಯಾವ ಬೌಲರ್ ಹೆಣ್ಣುಮಗಳೂ ಎರಡು ದಶಕಗಳು ಉರುಳಿದರೂ ಆ ಸಾಧನೆಯನ್ನು ಮೀರಿಸಲಿಲ್ಲ. ಆ ದಿನಗಳಲ್ಲಿ ಮಹಿಳೆಯರ ಕ್ರಿಕೆಟ್ಟಿಗೆ ಹಣದ ಆಶ್ರಯವಿರಲಿಲ್ಲವೆಂಬುದನ್ನು ನೆನೆಯಬೇಕು. 1973ರಲ್ಲಿ ಹುಟ್ಟಿದ ಪ್ರತ್ಯೇಕ ಮಹಿಳಾ ಸಂಘವು ಅದನ್ನು ಹೇಗೋ ನಡೆಸಿಕೊಂಡು ಬಂದಿತ್ತು. ದೇಶದ ಕ್ರಿಕೆಟ್ ಮಂಡಲಿಯ ಆಶ್ರಯಕ್ಕೆ ಅದು ಸೇರಿದ್ದು 2006ರಲ್ಲಿ, ಮಾಬೆನ್ ಅವರ ಆಟದ ದಿನಗಳು ಮುಗಿದ ಮೇಲೆ. ಅವರಿಗಿಂತ ಹಿಂದಿನ ತಲೆಮಾರಿನ ಕರ್ನಾಟಕದ ಶಾಂತಾ ರಂಗಸ್ವಾಮಿಯವರು 1976ರಲ್ಲಿ ಪಾಟ್ನಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ವನಿತೆಯರಿಗೆ ಮೊದಲ ಟೆಸ್ಟ್ ಜಯವನ್ನು ತಂದುಕೊಟ್ಟಾಗಲೂ ಸ್ಥಿತಿ ಹಾಗೆಯೇ ಇತ್ತು.

ಆಟ ಮುಗಿದ ಮೇಲೆ ಮಾಬೆನ್ ಅವರು ಕಲಿಸುವ ಕಾಯಕಕ್ಕೆ ತೊಡಗಿದರು. ಅವರ ಕೈಗೆ ಬಂದದ್ದು ಬಾಂಗ್ಲಾದೇಶದ ಮಹಿಳಾ ತಂಡ. 2011ರ ನವೆಂಬರಿನಲ್ಲಿ ಆ ದೇಶದಲ್ಲಿಯೇ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳು ನಡೆದವು. ಅದೇ ತಿಂಗಳ 24ರಂದು ಅಮೆರಿಕದ ತಂಡವನ್ನು ಒಂಬತ್ತು ವಿಕೆಟ್ಟುಗಳಿಂದ ಸೋಲಿಸಿ ಬಾಂಗ್ಲಾದೇಶದ ಹೆಣ್ಣುಮಕ್ಕಳು ಏಕದಿನ ಅಂತರರಾಷ್ಟ್ರೀಯ ಪಂದ್ಯಗಳನ್ನಾಡುವ ಮಾನ್ಯತೆಯನ್ನು ಪಡೆದರು. ಎರಡು ದಿನಗಳ ತರುವಾಯ ಆಡಿದ ತಮ್ಮ ಮೊತ್ತಮೊದಲ ಏಕದಿನ ಪಂದ್ಯದಲ್ಲಿ ಐರ್ಲೆಂಡನ್ನು 82 ರನ್ನುಗಳಿಂದ ಗೆದ್ದರು. ಒಂದು ದೇಶದ ಆಟದ ಚರಿತ್ರೆಯ ಮೊದಲ ಪುಟವನ್ನು ಬರೆಯಿಸಿದ ಕೈ ದಾವಣಗೆರೆಯದು. ಇಂಥ ಸಂಗತಿಯನ್ನು ಕನ್ನಡದ ಪಠ್ಯಪುಸ್ತಕದಲ್ಲಿ ಒಂದು ಪಾಠವಾಗಿ ಇಟ್ಟರೆ ತಪ್ಪೇನೂ ಇಲ್ಲ; ಪರದೇಶದ ಶೂರರ ಕಥೆಗಳಿಗೆ ಅಲ್ಲಿ ಸ್ಥಳ ದೊರೆಯುತ್ತಿರುವಾಗ ಸ್ವದೇಶದ ಗುರುವೊಬ್ಬರಿಗೆ ಎರಡು ಪುಟ ದೊರೆಯಬಾರದೇಕೆ?

ಬಾಂಗ್ಲಾದೇಶದ ಬಳಿಕ ಅವರು ಚೀನಾದ ಮಹಿಳಾ ತಂಡಕ್ಕೂ ಶಿಕ್ಷಕಿಯಾದರು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಾಂಗ್ಲಾದೇಶದ ಹುಡುಗಿಯು ಓಣಿಯಲ್ಲಿ ಅಣ್ಣತಮ್ಮಂದಿರು ದಾಂಡು ಬೀಸುವುದನ್ನು ಕಂಡು ಬೆಳೆದವಳು. ತೋಳನ್ನು ಮಡಿಸದೆ ಚೆಂಡೆಸೆಯಬೇಕೆಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಸಿರಾಟದಂತೆ ಅದು ಬಂದಿರುತ್ತದೆ. ಚೀನಾ ದೇಶವು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಗೆ ಸೇರಿದ್ದೇ 2004ರಲ್ಲಿ. ಅಲ್ಲಿಯ ಮಗುವಿಗೆ ಕ್ರಿಕೆಟ್ ಎಂದರೆ ಬಾದಾಮಿಯ ಮಗುವಿಗೆ ಸುಮೋ ಕುಸ್ತಿಯಿದ್ದಂತೆ. ಅಂಥ ಶಿಷ್ಯೆಯರ ಮುಂದೆ ನಿಂತ ಗುರುವು ತಾನು ಎಂದೋ ಅರಿಯದೆ ಕಲಿತುಬಿಟ್ಟದ್ದನ್ನೆಲ್ಲ ಮತ್ತೆ ಬಿಡಿಸಿ, ಒಂದೊಂದು ಎಳೆಯಾಗಿ ತಾನೇ ನೋಡಿಕೊಂಡು, ಆಮೇಲೆ ದುಭಾಷಿಯ ಬಾಯಿಂದ ಹೇಳಿಸಬೇಕಾಗುತ್ತದೆ. ವ್ಯಾಕರಣವನ್ನು ಕಲಿಸಿದವರಿಗೆ ಈ ಕಷ್ಟ ಗೊತ್ತು. ಕನ್ನಡವನ್ನು ತಾಯಿಯ ಮಡಿಲಲ್ಲಿ ಕಲಿತವನು ವಿಭಕ್ತಿಯನ್ನು ತಪ್ಪದೆ ಬಳಸುತ್ತಾನೆ. ಅನ್ಯಭಾಷಿಕನಿಗೆ ಅದನ್ನು ತಿಳಿಸಹೊರಟಾಗಲೇ ತನಗೆ ಅದು ತಿಳಿದಿಲ್ಲವೆಂಬುದು ಅವನಿಗೆ ಹೊಳೆಯುವುದು.

ಇದೇ ದಾರಿಯನ್ನು ಭೂಮಿಯ ಇನ್ನೊಂದು ಮಗ್ಗುಲಿನಿಂದ ನಡೆದು ಚೀನಾಕ್ಕೇ ಬಂದ ಮತ್ತೊಬ್ಬ ಮಹಿಳೆಯುಂಟು. ಅಮೆರಿಕದ ರೋಡ್ ಐಲೆಂಡ್ ಪ್ರಾಂತದ ಡಿಜಿಟ್ ಮರ್ಫಿ ಎಂಬವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಐಸ್ ಹಾಕಿ ಆಡಿದವರು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಾದಾಮಿಯ ಕೆಂಬಂಡೆಯ ಮೇಲೆ ಬರಿಗಾಲಿಟ್ಟವರಿಗೆ ಮಂಜುಗಡ್ಡೆಯ ಅಂಗಳದಲ್ಲಿ ಆಡುವ ಹಾಕಿಯ ಮಾತು ಪರಿಹಾಸ್ಯದಂತೆ ತೋರಬಹುದು. ಆದರೆ ಶೀತದೇಶಗಳಲ್ಲಿ ಅದು ನಮ್ಮ ಹುತುತುವಿನಷ್ಟೇ ಸಹಜವಾದ ಆಟ. ಕಾಲಿಗೆ ಉಕ್ಕಿನ ಅಲಗು ಕಟ್ಟಿದ ಪಾದರಕ್ಷೆ, ಕೈಯಲ್ಲಿ ಬಾಗಿದ ಕೋಲು, ಚೆಂಡಿನ ಬದಲಿಗೆ ರಬ್ಬರಿನ ಗಟ್ಟಿ ಬಿಲ್ಲೆ. ಒಂದೊಂದು ಪಕ್ಷಕ್ಕೆ ಅಂಗಳದಲ್ಲಿ ಆರಾರು ಮಂದಿ. ಮರ್ಫಿಯವರು ಬ್ರೌನ್ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 1989ರಿಂದ 2011ರವರೆಗೆ ತರಬೇತುಗೊಳಿಸಿ 318 ಪಂದ್ಯಗಳನ್ನು ಗೆಲ್ಲಿಸಿದರು. ಅವರು ಆ ಕೆಲಸಕ್ಕೆ ಕೈಯಿಟ್ಟಾಗ ಮಹಿಳೆಯರ ಐಸ್ ಹಾಕಿಯು ಒಲಿಂಪಿಕ್ಸಿನಲ್ಲಿ ಇರಲೇ ಇಲ್ಲ. ಅದು ಸೇರಿದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಮುಂದೆ 2017ರಲ್ಲಿ ಅವರು ಚೀನಾದ ಕುನ್‌ಲುನ್ ರೆಡ್ ಸ್ಟಾರ್ ತಂಡದ ಹೊಣೆ ಹೊತ್ತರು. ಆ ತಂಡವು ಕೆನಡಾದ ಲೀಗಿನಲ್ಲಿ ಆಡಿ ಮೊದಲ ವರ್ಷವೇ ಅಂತಿಮ ಪಂದ್ಯವನ್ನು ಮುಟ್ಟಿತು.

ನಮ್ಮ ದೇಶದಲ್ಲಿಯೂ ಈ ಆಟವುಂಟು. ಲಡಾಖಿನ ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಡಿ, ಸಾರ್ವಜನಿಕರಿಂದ ವಂತಿಗೆ ಎತ್ತಿ, 2016ರಲ್ಲಿ ತೈವಾನಿನ ತೈಪೆಯಲ್ಲಿ ಮೊದಲ ಬಾರಿಗೆ ದೇಶದ ಹೆಸರಿನಲ್ಲಿ ಕಣಕ್ಕಿಳಿದರು. ಮರುವರ್ಷ ಬ್ಯಾಂಕಾಕಿನಲ್ಲಿ ಫಿಲಿಪ್ಪೀನ್ಸ್ ತಂಡವನ್ನು ಸೋಲಿಸಿ ಮೊದಲ ಜಯವನ್ನು ಕಂಡರು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕವನ್ನು ತಂದರು. ಮಂಜಿಲ್ಲದ ನಾಡಿನವರಿಗೆ ಈ ಮಾತೇಕೆ ಎಂದರೆ, ಕಲಿಸುವವರಿಲ್ಲದ ಕಡೆ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಕಲಿಸಿಕೊಂಡು ಎಷ್ಟು ದೂರ ನಡೆಯಬಲ್ಲರೆಂಬುದು ಅಲ್ಲಿ ಕಾಣುತ್ತದೆ. ಕಲಿಸುವವರಿದ್ದಿದ್ದರೆ ಇನ್ನೆಷ್ಟು ಬೇಗ ನಡೆಯುತ್ತಿದ್ದರೆಂಬುದೂ ಅಲ್ಲಿಯೇ ಕಾಣುತ್ತದೆ.

ಇನ್ನು ಈ ಲೇಖನಕ್ಕೆ ಮೂಲವಾದ ವಿಷಾದದ ಮಾತು. ಮಾಬೆನ್ ಅವರ ತರುವಾಯ ಭಾರತದ ಹಿಂದಿನ ವಿಕೆಟ್ ಕೀಪರ್ ಅಂಜು ಜೈನ್ ಅವರು ಬಾಂಗ್ಲಾದೇಶದ ತಂಡಕ್ಕೆ ಶಿಕ್ಷಕಿಯಾದರು. 2018ರ ಜೂನ್ 10ರಂದು ಕೌಲಾಲಂಪುರದಲ್ಲಿ ನಡೆದ ಏಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿ ಅವರ ಶಿಷ್ಯೆಯರು ಸೋಲಿಸಿದ್ದು ಯಾರನ್ನು? ಭಾರತವನ್ನು! ಶಿಷ್ಯರಿಂದ ಸೋಲನ್ನು ಗುರುವು ಬಯಸಬೇಕೆಂದು ಹಿರಿಯರು ಹೇಳುತ್ತಾರೆ. ಗುರುವಿನ ತವರುಮನೆಯೇ ಸೋತಾಗ ಏನು ಮಾಡಬೇಕೆಂಬುದನ್ನು ಅವರು ಹೇಳಿಲ್ಲ. ಅತ್ತ ಭಾರತ ತಂಡದ ಶಿಕ್ಷಕಿಯಾಗಿದ್ದ ಹಿಂದಿನ ನಾಯಕಿ ಪೂರ್ಣಿಮಾ ರಾವ್ ಅವರನ್ನು 2017ರ ವಿಶ್ವಕಪ್ಪಿಗೆ ಕೆಲವೇ ತಿಂಗಳು ಇರುವಾಗ ಬದಲಾಯಿಸಲಾಯಿತು. ಅಲ್ಲಿಂದೀಚೆಗೆ 2025ರ ವಿಶ್ವಕಪ್ಪಿನವರೆಗೆ ಖಾಯಂ ಪ್ರಧಾನ ಶಿಕ್ಷಕರಾಗಿ ನೇಮಕಗೊಂಡವರೆಲ್ಲರೂ ಪುರುಷರೇ. ಅಂದರೆ ನಮ್ಮ ಹೆಣ್ಣುಮಕ್ಕಳ ವಿದ್ಯೆಯು ನೆರೆಯವರ ಅಂಗಳದಲ್ಲಿ ಬೆಳೆಯಿತು, ನಮ್ಮ ಅಂಗಳದಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ.

ಇಲ್ಲಿ ಎದುರಾಡುವವರ ಬಾಯಿಯನ್ನು ಮುಚ್ಚಿಸುವುದು ನ್ಯಾಯವಲ್ಲ. ಅವರ ಪಕ್ಷದಲ್ಲಿ ಬಲವುಂಟು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಭಾರತದ ವನಿತೆಯರು ಮೊದಲ ಬಾರಿಗೆ ವಿಶ್ವಕಪ್ಪನ್ನು ಗೆದ್ದಾಗ ಅವರ ಗುರುವಾಗಿದ್ದವರು ಅಮೋಲ್ ಮುಜುಂದಾರ್. ಅವರು ಪುರುಷರು ಎಂಬುದಷ್ಟೇ ಅಲ್ಲ. ರಣಜಿ ಪಂದ್ಯಗಳಲ್ಲಿ ರನ್ನುಗಳ ರಾಶಿಯನ್ನೇ ಒಟ್ಟಿಯೂ ದೇಶದ ಪರವಾಗಿ ಒಂದು ಪಂದ್ಯವನ್ನೂ ಆಡುವ ಭಾಗ್ಯ ಅವರಿಗೆ ಬಂದಿರಲಿಲ್ಲ. ಹಾಗಿರುವಾಗ ಗುರುತ್ವಕ್ಕೆ ಸ್ತ್ರೀತ್ವವೇಕೆ, ಕೀರ್ತಿಯೇಕೆ ಎಂದು ಕೇಳಿದರೆ ಒಪ್ಪಬೇಕಾದದ್ದೇ. ಮುಜುಂದಾರರ ಕೀರ್ತಿಗೆ ಕುಂದು ತರುವ ಉದ್ದೇಶ ಯಾವ ಸಹೃದಯನಿಗೂ ಇರಲಾರದು. ಕೌಶಿಕಿಯು ಮಾಡಿದ ಭೇದಕ್ಕೆ ಅವರಿಗಿಂತ ಒಳ್ಳೆಯ ನಿದರ್ಶನವನ್ನು ಹುಡುಕಿದರೂ ಸಿಕ್ಕದು. ಆದರೆ ದೇಶದ ತಂಡದ ಪ್ರಶ್ನೆ ಬೇರೆ, ಊರ ಶಾಲೆಯ ಪ್ರಶ್ನೆ ಬೇರೆ. ದೇಶದ ತಂಡಕ್ಕೆ ಬರುವ ಹುಡುಗಿಯು ಎಲ್ಲ ಅಡ್ಡಿಗಳನ್ನೂ ದಾಟಿಯೇ ಬಂದಿರುತ್ತಾಳೆ. ಅಡ್ಡಿಗಳು ಇರುವುದು ಎಂಟನೆಯ ತರಗತಿಯಲ್ಲಿ.

ಹಣ ಬಂದಾಗ ಏನಾಗುತ್ತದೆಂಬುದಕ್ಕೂ ಅಮೆರಿಕದಲ್ಲಿಯೇ ಒಂದು ಸಾಕ್ಷಿಯಿದೆ. ಸರಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗದ ಕಾರಣದಿಂದ ಭೇದ ಮಾಡಕೂಡದೆಂಬ ಶಾಸನವು ಅಲ್ಲಿ 1972ರಲ್ಲಿ ಬಂದಿತು. ಅದರಿಂದ ಕಾಲೇಜುಗಳಲ್ಲಿ ಆಡುವ ಹೆಣ್ಣುಮಕ್ಕಳ ಸಂಖ್ಯೆ ಅನೇಕ ಪಟ್ಟು ಬೆಳೆಯಿತು. ಇದು ಸಂತೋಷದ ವಿಷಯ. ಆದರೆ 1972ರಲ್ಲಿ ಹೆಣ್ಣುಮಕ್ಕಳ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ಶಿಕ್ಷಕಿಯರಾಗಿದ್ದರೆ, 2014ರ ಹೊತ್ತಿಗೆ ಆ ಪ್ರಮಾಣವು ನೂರಕ್ಕೆ ಸುಮಾರು ನಲವತ್ಮೂರಕ್ಕೆ ಇಳಿದಿತ್ತು. ಸಂಬಳವಿಲ್ಲದ ಕಾಲಕ್ಕೆ ಅಕ್ಕಂದಿರು ದುಡಿದರು. ಸಂಬಳ ಬಂದ ಮೇಲೆ ಅಣ್ಣಂದಿರು ಅರ್ಜಿ ಹಾಕಿದರು. ನಮ್ಮಲ್ಲಿ 2023ರಿಂದ ಮಹಿಳೆಯರ ಲೀಗ್ ಕ್ರಿಕೆಟ್ ಕೋಟಿಗಳ ಲೆಕ್ಕದಲ್ಲಿ ನಡೆಯುತ್ತಿರುವುದರಿಂದ ಈ ಪಾಠವನ್ನು ಮೊದಲೇ ಓದಿಕೊಳ್ಳುವುದು ಒಳಿತು.

ಈಗ ಬಾದಾಮಿ ಸೀಮೆಯ ಶಾಲೆಯೊಳಕ್ಕೆ ಬರೋಣ. ಇಲ್ಲಿಯ ಹುಡುಗಿಯರು ಓಡಲಾರದವರೇನೂ ಅಲ್ಲ. ತಲೆಯ ಮೇಲೆ ಕೊಡ, ಕಂಕುಳಲ್ಲಿ ಇನ್ನೊಂದು ಕೊಡವನ್ನಿಟ್ಟುಕೊಂಡು ಏರುದಾರಿಯಲ್ಲಿ ನಡೆಯುವವರ ಕಾಲಿನ ಬಲವನ್ನು ಯಾವ ವ್ಯಾಯಾಮಶಾಲೆಯೂ ಕೊಡಲಾರದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸೈಕಲ್ ಸವಾರರನ್ನು ದೇಶವೇ ಬಲ್ಲುದು. ಖೋಖೋ ಆಟದಲ್ಲಿ ಹಳ್ಳಿಯ ಹುಡುಗಿಯು ಕಂಬವನ್ನು ತಿರುಗುವ ಚುರುಕನ್ನು ನೋಡಿಯೇ ತಿಳಿಯಬೇಕು. ಆದರೆ ಎಂಟನೆಯ ತರಗತಿ ಮುಗಿಯುವಷ್ಟರಲ್ಲಿ ಆಕೆ ಬಯಲಿನಿಂದ ಮರೆಯಾಗುತ್ತಾಳೆ. ಮೈ ನೆರೆದ ಮಗಳನ್ನು ಸಂಜೆಯ ಹೊತ್ತು ಗಂಡು ಮಾಸ್ತರರ ಕೈಕೆಳಗೆ ಆಡಲು ಬಿಡಲು ತಾಯಿಯ ಮನಸ್ಸು ಅಳುಕುತ್ತದೆ. ಬೇರೆ ಊರಿಗೆ ಪಂದ್ಯಕ್ಕೆ ಹೋಗಿ ರಾತ್ರಿ ಉಳಿಯಬೇಕಾದರಂತೂ ಮಾತೇ ಮುಗಿಯಿತು. ಈ ಅಳುಕನ್ನು ಮೌಢ್ಯವೆಂದು ಜರೆಯುವುದು ಸುಲಭ. ಪತ್ರಿಕೆಗಳನ್ನು ಓದುವ ಯಾರೂ ಅದನ್ನು ಕೇವಲ ಮೌಢ್ಯವೆನ್ನಲಾರರು. ಇದಲ್ಲದೆ ತಿಂಗಳಿನಲ್ಲಿ ಕೆಲವು ದಿನ ಓಡಲು ಆಗದಿರುವಾಗ ಹುಡುಗಿಯು ಅದನ್ನು ಯಾರಿಗೆ ಹೇಳಬೇಕು? ಹೇಳಲಾರದೆ ಗೈರುಹಾಜರಾಗುತ್ತಾಳೆ. ಗೈರುಹಾಜರಾದುದಕ್ಕೆ ತಂಡದಿಂದ ಹೆಸರು ಬಿದ್ದುಹೋಗುತ್ತದೆ. ಆಟ ಬಲ್ಲ ಒಬ್ಬ ಅಕ್ಕಾವರು ಬಯಲಿನ ಅಂಚಿನಲ್ಲಿ ನಿಂತಿದ್ದರೆ ಈ ಯಾವುದನ್ನೂ ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ. ನೋಡಿದೊಡನೆ ಅವರಿಗೆ ತಿಳಿಯುತ್ತದೆ.

ಕೊಡಗಿನ ಅಂಕಿತಾ ಸುರೇಶ್ ಅವರನ್ನು ಇಲ್ಲಿ ನೆನೆಯಬಹುದು. ತಾವೂ ಹಾಕಿ ಆಡಿ ಬೆಳೆದ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿಗೆ ಭಾರತ ಮಹಿಳಾ ತಂಡದ ಸಹಾಯಕ ಶಿಕ್ಷಕಿಯಾಗಿ ಹೋದರು. ಆಸ್ಟ್ರೇಲಿಯದಂಥ ಬಲಿಷ್ಠ ತಂಡವನ್ನು ಒಂದೇ ಗೋಲಿನಿಂದ ಮಣಿಸಿ ಆ ಹುಡುಗಿಯರು ನಾಲ್ಕನೆಯ ಸ್ಥಾನದವರೆಗೆ ನಡೆದಾಗ ದೇಶವೆಲ್ಲ ಪ್ರಧಾನ ಶಿಕ್ಷಕರಾಗಿದ್ದ ಡಚ್ ದೇಶದ ಸ್ಯೋರ್ಡ್ ಮರೀನ್ ಅವರನ್ನು ಕೊಂಡಾಡಿತು. ಅದು ಉಚಿತವೇ. ಆದರೂ ಪರದೇಶದ ಗುರುವಿಗೂ ಹರಿಯಾಣ, ಝಾರ್ಖಂಡ, ಮಿಜೋರಾಮುಗಳ ಹಳ್ಳಿಯ ಹುಡುಗಿಯರಿಗೂ ನಡುವೆ ಅದೇ ದಾರಿಯನ್ನು ತಾನೂ ತುಳಿದ ಒಬ್ಬ ಹೆಣ್ಣುಮಗಳು ನಿಂತಿದ್ದಳೆಂಬುದನ್ನು ಮರೆಯಲಾಗದು.

ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಪದ್ಧತಿಯಿದೆ. ಒಡಲು ಹತ್ತಿಯದಾಗಿರಬಹುದು, ಸೆರಗು ರೇಷ್ಮೆಯದಾಗಿರಬಹುದು. ಕೊಂಡಿ ಬಿದ್ದ ಮೇಲೆ ಸೀರೆ ಒಂದೇ. ಈ ಕೆಲಸವನ್ನು ಮಗ್ಗದ ಮನೆಗಳಲ್ಲಿ ಹೆಂಗಸರು ಮಾಡುತ್ತಾರೆ, ಮಗಳಿಗೆ ತಾಯಿ ಕಲಿಸುತ್ತಾಳೆ. ಅದಕ್ಕೆ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಆಟದ ವಿದ್ಯೆಗೆ ಮಾತ್ರ ನಾವು ಕೊಂಡಿಯನ್ನೇ ಹಾಕದೆ ಸೆರಗು ಬೇರೆ, ಒಡಲು ಬೇರೆ ಇಟ್ಟಿದ್ದೇವೆ.

ಶಾಲೆಗಳ ವೇಳಾಪತ್ರಿಕೆಯಲ್ಲಿ ಆಟದ ಅವಧಿಯೆಂಬುದೊಂದಿರುತ್ತದೆ. ಪರೀಕ್ಷೆ ಸಮೀಪಿಸಿದಂತೆಲ್ಲ ಅದನ್ನು ಗಣಿತದವರು ಸಾಲವಾಗಿ ಪಡೆಯುತ್ತಾರೆ. ಆ ಸಾಲ ತೀರಿದ್ದನ್ನು ಕಂಡವರಿಲ್ಲ. ಕನ್ನಡದವರೂ ಈ ಅಪರಾಧದಿಂದ ಪೂರ್ತಿ ಮುಕ್ತರಲ್ಲ. ದೈಹಿಕ ಶಿಕ್ಷಣದ ಮಾಸ್ತರರಿಗೆ ಗಂಟೆ ಹೊಡೆಯಿಸುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಅತಿಥಿಗಳು ಬಂದಾಗ ಕುರ್ಚಿ ಹಾಕಿಸುವುದು ಮುಂತಾದ ಕಾರ್ಯಗಳು ಬೀಳುತ್ತವೆ. ಇಂಥ ವ್ಯವಸ್ಥೆಯಲ್ಲಿ ಹೊಸದಾಗಿ ಒಬ್ಬ ಶಿಕ್ಷಕಿಯನ್ನು ನೇಮಿಸಿದ ಮಾತ್ರಕ್ಕೆ ಅದ್ಭುತವೇನೂ ನಡೆಯದು. ಅವರನ್ನೂ ಕುರ್ಚಿ ಹಾಕಿಸುವುದಕ್ಕೆ ಹಚ್ಚಿದರೆ ಇದ್ದ ಪ್ರಯೋಜನವೂ ಕೆಡುತ್ತದೆ.

ಬಾದಾಮಿಯಲ್ಲಿ ಕಲ್ಲಿಗೆ ಬರವಿಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸುವವರಿಗೂ ಚಾಲುಕ್ಯರ ಕಾಲದಿಂದ ಬರವಿಲ್ಲ. ಕೋಣೆಗೆ, ಕಮಾನಿಗೆ, ನೀರಿನ ತೊಟ್ಟಿಗೆ ದಾನ ಬರುತ್ತದೆ, ಮತ್ತು ಅದು ಸ್ತುತ್ಯವಾದುದೇ. ಆದರೆ ಮನುಷ್ಯರ ಸಂಬಳಕ್ಕೆ ಕೊಟ್ಟ ದಾನವು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಮುಂದೆ ಬರುವವರು ವಿರಳ. ಹಳೆಯ ವಿದ್ಯಾರ್ಥಿನಿಯರಲ್ಲಿ ಜಿಲ್ಲೆಯ ಮಟ್ಟಕ್ಕೋ ವಿಶ್ವವಿದ್ಯಾಲಯದ ಮಟ್ಟಕ್ಕೋ ಆಡಿ, ಈಗ ಇದೇ ತಾಲೂಕಿನ ಮನೆಗಳಲ್ಲಿ ಸಂಸಾರ ನಡೆಸುತ್ತಿರುವವರು ಯಾವ ಶಾಲೆಗಾದರೂ ನಾಲ್ಕಾರು ಮಂದಿ ಸಿಕ್ಕೇ ಸಿಗುತ್ತಾರೆ. ಅವರ ಪಟ್ಟಿಯನ್ನು ಮೊದಲು ಮಾಡಬೇಕು. ವಾರಕ್ಕೆ ಮೂರು ಸಂಜೆ ಬಯಲಿಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸಲು ಒಪ್ಪುವವರಿಗೆ ಗೌರವಧನವನ್ನು ತಿಂಗಳು ತಪ್ಪದೆ ಕೊಡಬೇಕು. ಸನ್ಮಾನದ ಶಾಲು ಅದಕ್ಕೆ ಬದಲಾಗದು. ಮನಸ್ಸಿದ್ದವರನ್ನು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಶಿಕ್ಷಣಕ್ಕೆ ಕಳುಹಿಸುವ ವೆಚ್ಚವನ್ನು ಯಾರಾದರೊಬ್ಬ ದಾನಿ ವಹಿಸಿಕೊಂಡರೆ ಅದು ಒಂದು ಕಮಾನಿನ ವೆಚ್ಚವನ್ನು ಮೀರಲಾರದು. ಆ ಮೂರು ಸಂಜೆ ಬಯಲು ಹುಡುಗಿಯರದೇ ಆಗಿರಬೇಕು. ಕ್ರಿಕೆಟ್ ಆಡುವ ಹುಡುಗರು ಸ್ವಲ್ಪ ಗೊಣಗಬಹುದು.

ಅತ್ತೆಮಾವಂದಿರು ಕಳುಹಿಸಿಕೊಡುವರೇ ಎಂದು ಕೆಲವರು ಸಂದೇಹಪಡುತ್ತಾರೆ. ಹೊಲಿಗೆಯ ತರಗತಿಗೆ ಕಳುಹಿಸುವವರು, ಅಂಗನವಾಡಿಯ ಕೆಲಸಕ್ಕೆ ಕಳುಹಿಸುವವರು ಶಾಲೆಯೇ ಮುಂದಾಗಿ ಕರೆದಾಗ ಬಯಲಿಗೆ ಕಳುಹಿಸಲಾರರೆಂದು ಮೊದಲೇ ನಿಶ್ಚಯಿಸುವುದು ಸರಿಯಲ್ಲ. ಕರೆದು ನೋಡಬೇಕು. ಯಾರನ್ನು ಕರೆಯಬೇಕೆಂಬುದಕ್ಕೆ ಶಾಲೆಯ ಹಳೆಯ ಹಾಜರಿ ಪುಸ್ತಕಗಳೂ ಕಪಾಟಿನಲ್ಲಿ ಕಪ್ಪಿಟ್ಟ ಬಟ್ಟಲುಗಳ ಮೇಲಿನ ಹೆಸರುಗಳೂ ಇವೆ. ಮುಂದಿನ ಶಾಲಾ ವರ್ಷ ಜೂನ್ ತಿಂಗಳಿನಿಂದ ಆರಂಭವಾಗುತ್ತದೆ.